ಗಾಳಿಗೆ ಬಿದ್ದ ಗುಲ್ಮೊಹರ್ ದಿಮ್ಮಿಯನ್ನು ಪಾರ್ಕಿನಲ್ಲೇ ಕೊಳೆಯಲು ಬಿಡಬಹುದೇ? (ಕಲಬುರಗಿ)

ಡ್ರಾಯಿಂಗ್ ಮಾಸ್ತರ, ಕಲಬುರಗಿ:
ಎಲ್ಲರಿಗೂ ನಮಸ್ಕಾರ. ಮೊನ್ನೆಯ ಬಿರುಗಾಳಿಗೆ ನಮ್ಮ ಕಾಲನಿ ಪಾರ್ಕಿನ ಹಳೇ ಗುಲ್ಮೊಹರ್ ಬುಡಸಮೇತ ಬಿತ್ತು. ಟೊಂಗೆಗಳು ಆಗಲೇ ಯಾರದೋ ಒಲೆ ಸೇರಿವೆ. ದಪ್ಪ ದಿಮ್ಮಿ ಮಾತ್ರ ಉಳಿದಿದೆ. ಅದನ್ನು ಸಾಗಿಸಿ ಆ ಜಾಗದಲ್ಲಿ ಫೈಬರ್ ಜಿಂಕೆ ನಿಲ್ಲಿಸೋಣ ಎನ್ನುತ್ತಾರೆ ಕಮಿಟಿಯವರು. ಇರೋ ಎರಡು ಜಿಂಕೆಗಳಲ್ಲಿ ಒಂದಕ್ಕೆ ಕಿವಿಯಿಲ್ಲ, ಮೂರನೆಯದು ಯಾಕೆ ಅಂತ ನನ್ನ ಪ್ರಶ್ನೆ.

ನನ್ನ ಆಸೆಯೇ ಬೇರೆ. ಅಮೆರಿಕದ ಸಿಯಾಟಲ್‌ನಲ್ಲಿ ಮಾರ್ಕ್ ಡಿಯಾನ್ ಎಂಬ ಕಲಾವಿದ ಕಾಡಿನಲ್ಲಿ ಬಿದ್ದಿದ್ದ 60 ಅಡಿಯ ಹೆಮ್‌ಲಾಕ್ ಮರವನ್ನು ಮಣ್ಣು, ಪಾಚಿ, ಹುಳುಗಳ ಸಮೇತ ಪಟ್ಟಣಕ್ಕೆ ತಂದು ಗಾಜಿನ ಮನೆಯಲ್ಲಿ ಮಲಗಿಸಿದ್ದಾನೆ. ಹೆಸರು ನ್ಯೂಕಮ್ ವಿವೇರಿಯಂ. 2006ರಿಂದ ಅದು ಅಲ್ಲೇ ಕೊಳೆಯುತ್ತಿದೆ, ಅದರ ಮೇಲೆ ಹೊಸ ಸಸಿಗಳು ಹುಟ್ಟುತ್ತಿವೆ. ನೋಡಲು ಬಂದವರ ಕೈಗೆ ಭೂತಗನ್ನಡಿ ಕೊಡುತ್ತಾರೆ. ಯಾವ ಹುಳು, ಯಾವ ಅಣಬೆ ಎಂದು ಗುರುತಿಸಲು ಟೈಲ್ಸ್ ಮೇಲೆ ಚಿತ್ರ ಬರೆಸಿದ್ದಾರೆ. ಈ ಟೈಲ್ಸ್ ವಿಚಾರಕ್ಕೇ ನನಗೆ ಹುಚ್ಚು ಹಿಡಿದಿದ್ದು.

ನಮ್ಮ ಬಿಸಿಲಲ್ಲಿ ಇಂಥದ್ದು ನಡೆಯುತ್ತದಾ? ಗೆದ್ದಲು, ಹಾವು ಅಂತ ಹೆದರಿಸುವವರಿಗೆ ಏನು ಹೇಳಲಿ?

ಚಿಂಚೋಳಿ ಕಡೆಯವನು:
ಮಾಸ್ತರ್, ಗಾಜಿನ ಮನೆ ಮರೆತುಬಿಡಿ. ಅಲ್ಲಿ ಕಾಡಿನ ನೆರಳಿನಂತೆ ಕಾಣಲಿ ಎಂದು ಹಸಿರು ಗಾಜು ಹಾಕಿದ್ದಾರೆ, ತೇವ ಕಾಯಲು ಯಂತ್ರ ಇಟ್ಟಿದ್ದಾರೆ. ಕಾಡು ಪುಕ್ಕಟೆ ಮಾಡುವ ಕೆಲಸಕ್ಕೆ ಪಟ್ಟಣದಲ್ಲಿ ಎಷ್ಟು ಖರ್ಚು ನೋಡಿ ಅಂತ ತೋರಿಸುವುದೂ ಆತನ ಉದ್ದೇಶವೇ. ನಮ್ಮ ಕಾಡಿನ ಲೆಕ್ಕ ಬೇರೆ. ಚಿಂಚೋಳಿ ಅಭಯಾರಣ್ಯಕ್ಕೆ ಮಾರ್ಚ್‌ನಲ್ಲಿ ಬನ್ನಿ. ಎಲೆ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು. ಅಣಬೆ ಇಲ್ಲ, ಪಾಚಿ ಇಲ್ಲ. ಆದರೂ ಬಿದ್ದ ಮರ ಕರಗುತ್ತದೆ, ಯಾಕಂದ್ರೆ ಇಲ್ಲಿ ಆ ಕೆಲಸದ ದೊಡ್ಡ ಪಾಲು ಗೆದ್ದಲಿನದು.

ಗೆದ್ದಲು ದಿಮ್ಮಿಯ ಮೇಲೆ ಮಣ್ಣು ಮೆತ್ತಿ, ಆ ಮರೆಯಲ್ಲಿ ಕೂತು ತಿನ್ನುತ್ತದೆ. ಒಳಗಿನ ಕಟ್ಟಿಗೆ ಖಾಲಿಯಾದರೂ ಮಣ್ಣಿನ ತೊಗಲು ಟೊಂಗೆಯ ಆಕಾರದಲ್ಲೇ ನಿಂತಿರುತ್ತದೆ. ನಿಮಗೆ ಬೇಕಾದ ಶಿಲ್ಪ ಅದೇ ಅಲ್ವಾ? ಹುತ್ತ ಕಟ್ಟುವ ಜಾತಿಗಳು ಅಗಿದ ಕಟ್ಟಿಗೆಯನ್ನು ಹುತ್ತದೊಳಗೆ ಒಯ್ದು ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಶಿಲೀಂಧ್ರ ಮೆತ್ತಗೆ ಮಾಡಿಕೊಟ್ಟಿದ್ದು ಅವುಗಳ ಊಟ. ಮಳೆ ಬಿದ್ದ ಮೇಲೆ ಹುತ್ತದ ಸುತ್ತ ಏಳುವ ಅಣಬೆ ಆ ತೋಟದ್ದೇ.

ಗುಲ್ಮೊಹರ್ ಸಿಕ್ಕಿದ್ದು ಒಳ್ಳೆಯದಾಯಿತು. ಮೆತ್ತನೆ ಮರ, ಬೇಗ ಹೋಗುತ್ತದೆ. ಸಾಗವಾನಿ ಆಗಿದ್ದರೆ ಅದರ ಚೇಗಿಗೆ (ಒಳಗಿನ ಗಟ್ಟಿ ತಿರುಳಿಗೆ) ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ.

ಕಾಲನಿ ಹಿರಿಯರು:
ಓದಲು ಚಂದ ಇದೆ. ನಮ್ಮ ಮನೆ ಚೌಕಟ್ಟು ಗೆದ್ದಲು ತಿಂದಾಗ ಯಾರೂ ಕಲೆ ಅನ್ನಲಿಲ್ಲ. ಸಂಜೆ ಮೊಮ್ಮಕ್ಕಳು ಅಲ್ಲೇ ಆಡುತ್ತವೆ. ಚೇಳು ಕಡಿದರೆ ಜವಾಬ್ದಾರಿ ಯಾರದು?

ಚಿಂಚೋಳಿ ಕಡೆಯವನು:
ಕಾಕಾ, ನಿಮ್ಮ ಮಾತು ನಿಜ. ಅದಕ್ಕೇ ದಿಮ್ಮಿಯನ್ನು ಮೇಲೆ ಸುಮ್ನೆ ಇಡಬಾರದು. ಅರ್ಧ ಹೂಳಿ ಸುತ್ತ ಮಣ್ಣು ಗಟ್ಟಿಯಾಗಿ ತುಂಬಬೇಕು. ಅಡಿಯಲ್ಲಿ ಸಂದು ಇರದಿದ್ದರೆ ಹಾವು-ಚೇಳಿಗೆ ಜಾಗ ಕಡಿಮೆ, ಮಣ್ಣಿಗೆ ತಾಗಿದ ಕಟ್ಟಿಗೆಯಲ್ಲಿ ತೇವವೂ ಜಾಸ್ತಿ ದಿನ ಇರುತ್ತದೆ. ಮನೆ ಗೋಡೆಗಳಿಂದ ದೂರ, ಪಾರ್ಕಿನ ನಡುವೆ ಇರಲಿ. ಮಕ್ಕಳು ನೋಡಲಿ, ಕೈ ಹಾಕುವುದು ಬೇಡ.

ನನಗೆ ಹಾವಿಗಿಂತ ಬೆಂಕಿಯ ಚಿಂತೆ. ಬೇಸಿಗೆಯಲ್ಲಿ ಎಲೆ ಗುಡಿಸಿ ಮೂಲೆಯಲ್ಲಿ ಕಡ್ಡಿ ಗೀರುವ ಚಟ ನಮ್ಮ ಊರುಗಳಲ್ಲಿ ಎಲ್ಲೆಡೆ ಇದೆ. ಸುತ್ತ ಶಹಾಬಾದ ಫರಸಿ ಕಲ್ಲು ಹಾಸಿ, ಅದರ ಮೇಲೆ ಒಂದು ಎಲೆಯೂ ಉಳಿಯದಂತೆ ನೋಡಿಕೊಳ್ಳಿ.

ಬೀದರಿನ ಓದುಗಿ:
ಹುಳುಗಳ ಚಿತ್ರ ಬಿದರಿ ಕೆಲಸದಲ್ಲಿ ಮಾಡಿಸಿದರೆ? ಸತು-ತಾಮ್ರದ ಆ ಎರಕಕ್ಕೆ ಕಪ್ಪು ಬರುವುದೇ ನಮ್ಮ ಕೋಟೆಯ ಮಣ್ಣಿನಿಂದ. ಮಣ್ಣಿನ ಕಲೆಗೆ ಮಣ್ಣಿನ ಕಲೆ ಹೊಂದುತ್ತದೆ. ಬೆಳ್ಳಿ ಕೂರಿಸಿದ್ದು ಪಾರ್ಕಿನಲ್ಲಿ ಎಷ್ಟು ದಿನ ಉಳಿದೀತು ಅನ್ನುವುದು ಬೇರೆ ಮಾತು.

ಕಮಿಟಿಗೆ ಇನ್ನೊಂದು ಉದಾಹರಣೆ ಕೊಡಿ. 1970ರಲ್ಲಿ ರಾಬರ್ಟ್ ಸ್ಮಿತ್ಸನ್ ಎಂಬ ಕಲಾವಿದ ಅಮೆರಿಕದ ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಂದು ಹಳೇ ಕಟ್ಟಿಗೆ ಶೆಡ್ಡಿನ ಮೇಲೆ 20 ಲೋಡು ಮಣ್ಣು ಸುರಿಸಿದ, ನಡುವಿನ ತೊಲೆ ಬಿರುಕು ಬಿಡುವ ತನಕ. ಆಮೇಲೆ ಅದು ತಾನಾಗಿ ಕುಸಿಯಲಿ ಎಂದು ಬಿಟ್ಟ. ಅಂದಮೇಲೆ ಒಂದು ಗುಲ್ಮೊಹರ್ ದಿಮ್ಮಿಗೆ ಇಷ್ಟು ಮೀಟಿಂಗ್ ಬೇಕಾ?

ಡ್ರಾಯಿಂಗ್ ಮಾಸ್ತರ:
ಬಿದರಿ ಬೇಡ ಅಕ್ಕಾ, ಎರಡೇ ದಿನಕ್ಕೆ ಗುಜರಿ ಸೇರುತ್ತದೆ. ಫರಸಿ ಹೇಗೂ ಹಾಸಬೇಕಲ್ಲ, ಗೆದ್ದಲು, ಮಿರಗದ (ಮೃಗಶಿರಾ ಮಳೆಯ) ಹುಳು, ಸಗಣಿ ಹುಳು, ನಾಯಿಕೊಡೆ ಎಲ್ಲವನ್ನೂ ಅದರ ಮೇಲೇ ಕೊರೆಸುತ್ತೇನೆ. ಸಮಾಧಿ ಕಲ್ಲಿಗೆ ಹೆಸರು ಕೆತ್ತುವ ಒಬ್ಬರು ಪರಿಚಯ ಇದ್ದಾರೆ. ಚಿತ್ರ ನನ್ನ ವಿದ್ಯಾರ್ಥಿಗಳದು.

ಹಸಿರಿನ ಆಸೆ ಬಿಟ್ಟೆ. ಬೋರ್ಡಿನಲ್ಲೇ ಬರೆಸುತ್ತೇನೆ: ಬೇಸಿಗೆಯಲ್ಲಿ ಇಲ್ಲಿ ಮಣ್ಣು ಮೆತ್ತಿದ ದಿಮ್ಮಿ ಮಾತ್ರ ಕಾಣುತ್ತದೆ, ಅಣಬೆ ನೋಡಬೇಕಾದರೆ ಮಳೆಗಾಲದಲ್ಲಿ ಬನ್ನಿ ಅಂತ. ಕಾಕಾ, ಮಿರಗದ ಮಳೆಗೆ ಮೊದಲೇ ತಗ್ಗು ತೋಡಬೇಕು. ಭಾನುವಾರ ಬೆಳಿಗ್ಗೆ ಟೇಪ್ ಹಿಡಿದು ಬರುತ್ತೇನೆ, ನಿಮ್ಮ ಮನೆಯಿಂದ ಎಷ್ಟು ದೂರ ಇರಬೇಕು ಅಂತ ನೀವೇ ಗೆರೆ ಹಾಕಿ.