ರಕ್ತ ನಿಂತಿದೆ, ಬಿಪಿ ಬಂದಿದೆ. ಆಮೇಲೂ ಅಂಗಗಳು ಸೋಲುವುದೇಕೆ?

ಪ್ರಶ್ನೆ
ತೀವ್ರ ರಕ್ತಸ್ರಾವವಾದ ರೋಗಿಗೆ ಆಪರೇಷನ್ ಮಾಡಿ ರಕ್ತ ನಿಲ್ಲಿಸಿ, ಬಿಪಿ 120/80ಕ್ಕೆ ಬಂದಿದೆ ಅನ್ನಿ. ಆದರೂ ಎರಡು-ಮೂರು ದಿನದಲ್ಲಿ ಜ್ವರ, ಏದುಸಿರು, ಮೂತ್ರ ಕಡಿಮೆ. ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆದಿಲ್ಲ. ಸೋಂಕಿಲ್ಲದೆ ಇಷ್ಟು ಉರಿಯೂತ ಎಲ್ಲಿಂದ ಬರುತ್ತದೆ?

ಉತ್ತರ 1
ಬಿಪಿ ಹೇಳುವುದು ದೊಡ್ಡ ನಾಳಗಳ ಸ್ಥಿತಿ ಮಾತ್ರ. ಜೀವಕೋಶಕ್ಕೆ ಬಿದ್ದ ಪೆಟ್ಟು ಅದರಲ್ಲಿ ಕಾಣುವುದಿಲ್ಲ.

5 ಲೀಟರ್ ರಕ್ತದಲ್ಲಿ 2 ಲೀಟರ್ ಹೋದರೆ ದೇಹ ಮೆದುಳು, ಹೃದಯಗಳನ್ನು ಉಳಿಸಿಕೊಳ್ಳಲು ಕರುಳು, ಕಿಡ್ನಿ, ಚರ್ಮದ ನಾಳಗಳನ್ನು ಬಿಗಿಯುತ್ತದೆ. ಆಮ್ಲಜನಕ ಸಿಗದ ಜೀವಕೋಶಗಳು ಒಡೆದು ಅವುಗಳೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದ ಚೂರುಗಳು ರಕ್ತಕ್ಕೆ ಸೇರುತ್ತವೆ. ಮೈಟೋಕಾಂಡ್ರಿಯಾ ಹುಟ್ಟಿದ್ದೇ ಬ್ಯಾಕ್ಟೀರಿಯಾದಿಂದ. ಅದರ ಡಿಎನ್‌ಎ, ಫಾರ್ಮೈಲ್ ಪೆಪ್ಟೈಡ್ ಎಂಬ ಪ್ರೋಟೀನ್ ತುಣುಕುಗಳು ಇಂದಿಗೂ ಬ್ಯಾಕ್ಟೀರಿಯಾದವನ್ನು ಹೋಲುತ್ತವೆ. ಹಾಗಾಗಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸೋಂಕೇ ಬಂತೆಂದು ಎರಗುತ್ತವೆ.

ರಕ್ತ ಮರಳಿ ಹರಿದಾಗ ಎರಡನೇ ಪೆಟ್ಟು. ಹಸಿದ ಅಂಗಾಂಶಕ್ಕೆ ಒಮ್ಮೆಲೇ ಆಮ್ಲಜನಕ ನುಗ್ಗಿ ಜೀವಕೋಶಕ್ಕೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ನಾಳದ ಒಳಗೋಡೆಗೆ ಲೋಳೆಯಂತೆ ಅಂಟಿರುವ ಗ್ಲೈಕೊಕ್ಯಾಲಿಕ್ಸ್ ಕಳಚಿ ನಾಳ ಸೋರುತ್ತದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆ ದ್ರವ ತುಂಬಿ ಉಸಿರಾಟ ಸೋತರೆ ಅದೇ ಎಆರ್‌ಡಿಎಸ್ (ತೀವ್ರ ಉಸಿರಾಟ ತೊಂದರೆ). ಕಿಡ್ನಿಯಲ್ಲಿ ನಳಿಕೆಗಳ ಒಳಪದರ ಸತ್ತು ಉದುರಿ ದಾರಿ ಕಟ್ಟುತ್ತದೆ. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಸರುಗಂದು ಬಣ್ಣದ ಕಾಸ್ಟ್‌ಗಳು (ನಳಿಕೆಯ ಅಚ್ಚಿನಲ್ಲಿ ಗಟ್ಟಿಯಾದ ತುಣುಕುಗಳು) ಸಿಗುತ್ತವೆ.

ಉತ್ತರ 2
ಮೇಲಿನದು ಸರಿ. ಆದರೆ ಒಂದು ಕಲ್ಚರ್ ನೆಗೆಟಿವ್ ಬಂದ ಮಾತ್ರಕ್ಕೆ ಸೋಂಕಿಲ್ಲ ಎಂದು ಕೂರಬಾರದು. ನ್ಯುಮೋನಿಯಾ, ಹೊಟ್ಟೆಯೊಳಗಿನ ಕೀವು, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಸೋಂಕು ಮೂರನ್ನೂ ಹುಡುಕಲೇಬೇಕು. ಆಮ್ಲಜನಕ ಸಾಲದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಲೀಟರ್‌ಗೆ 2 ಮಿಲಿಮೋಲ್‌ಗಿಂತ ಕೆಳಗಿಳಿಯದಿದ್ದರೆ ಒಳಗೆ ಇನ್ನೂ ರಕ್ತ ಸೋರುತ್ತಿದೆಯೇ ನೋಡಿ.

ನಿಜಕ್ಕೂ ಗೆಲ್ಲಬೇಕಾದದ್ದು ಮೊದಲ ಗಂಟೆಗಳಲ್ಲಿ. ಗಾಯದ ರಕ್ತಸ್ರಾವಕ್ಕೆ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 10 ನಿಮಿಷದಲ್ಲಿ, ನಂತರ 1 ಗ್ರಾಂ 8 ಗಂಟೆಯಲ್ಲಿ. ಶುರು ಮಾಡುವುದು 3 ಗಂಟೆಯೊಳಗೆ. ಅದರ ನಂತರ ಕೊಟ್ಟರೆ ಹಾನಿಯೇ ಹೆಚ್ಚೆಂದು ಕ್ರ್ಯಾಶ್-2 ಅಧ್ಯಯನದ 2011ರ ವಿಶ್ಲೇಷಣೆ ತೋರಿಸಿತು. ಲೀಟರ್‌ಗಟ್ಟಲೆ ಸಲೈನ್ ಸುರಿಯಬೇಡಿ: ಹೆಪ್ಪುಗಟ್ಟಿಸುವ ಅಂಶಗಳು ತೆಳುವಾಗುತ್ತವೆ, ಮೈ ತಣ್ಣಗಾಗುತ್ತದೆ, ಕ್ಲೋರೈಡ್‌ನಿಂದ ಆಮ್ಲೀಯತೆ ಏರುತ್ತದೆ. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ 1:1:1ರ ಹತ್ತಿರ ಇರಲಿ. ರಕ್ತದ ಬ್ಯಾಗಿನಲ್ಲಿ ಹೆಪ್ಪುಗಟ್ಟದಂತೆ ಹಾಕಿದ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಕ್ಯಾಲ್ಸಿಯಂ ತುಂಬಿಕೊಡುವುದನ್ನು ಮರೆಯುವವರೇ ಹೆಚ್ಚು.

ಪ್ರಶ್ನೆ ಕೇಳಿದವರು
ಧನ್ಯವಾದ. ಉರಿಯೂತವೇ ಮೂಲವಾದರೆ ಸ್ಟೀರಾಯ್ಡ್ ಕೊಟ್ಟು ತಗ್ಗಿಸಬಹುದಲ್ಲವೇ?

ಉತ್ತರ 1
ಇದಕ್ಕೆಂದೇ ವಾಡಿಕೆಯಾಗಿ ಕೊಡುವುದಿಲ್ಲ. ಉರಿಯೂತ ಏರಿರುವಾಗಲೇ ರೋಗನಿರೋಧಕ ಶಕ್ತಿಯ ಇನ್ನೊಂದು ಭಾಗ ಕುಗ್ಗಿರುತ್ತದೆ, ಸೋಂಕಿಗೆ ಬಾಗಿಲು ತೆರೆದಂತಾಗುತ್ತದೆ. ಅಂಗಗಳಿಗೆ ಆಸರೆ ಕೊಟ್ಟು ಕಾಯುವುದೇ ಚಿಕಿತ್ಸೆ. ಎಆರ್‌ಡಿಎಸ್ ಆದರೆ ವೆಂಟಿಲೇಟರ್‌ನಲ್ಲಿ ಪ್ರತಿ ಉಸಿರಿಗೆ ಕಿಲೋಗೆ 6 ಎಂಎಲ್. ಆ ಕಿಲೋವನ್ನು ಎತ್ತರದಿಂದ ಲೆಕ್ಕ ಹಾಕಿ; ಊದಿಕೊಂಡ ಮೈಯ ತೂಕ ಹಿಡಿದರೆ ಶ್ವಾಸಕೋಶವನ್ನು ಹಿಗ್ಗಿಸಿ ಹರಿದಂತೆ.