ಲಿಮಿಟ್ ದಾಟಿದ ಕ್ರೆಡಿಟ್ ಕಾರ್ಡ್, ಕರಗದ ಬಡ್ಡಿ: ಫಸಲು ಚೇಣಿಗೆ ಕೊಟ್ಟು ತೀರಿಸಬೇಕಾ?

ತುಂಗೆ_ದಡ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ ಇದೆ, ಪೇಟೆಯಲ್ಲಿ ಚಿಕ್ಕ ಜೆರಾಕ್ಸ್ ಅಂಗಡಿ. ಬೇಸಿಗೆಯಲ್ಲಿ ಅಪ್ಪನಿಗೆ ಹೃದಯದ ತೊಂದರೆಯಾಗಿ ಶಿವಮೊಗ್ಗದಲ್ಲಿ ಅಡ್ಮಿಟ್ ಮಾಡಿದ್ದೆವು. ಕೈಯಲ್ಲಿದ್ದ ದುಡ್ಡು ಸಾಲದೆ ಉಳಿದ ಬಿಲ್ಲನ್ನು ಕಾರ್ಡಿನಲ್ಲಿ ಕಟ್ಟಿದೆ. ಲಿಮಿಟ್ 80,000, ಆದರೂ ಅದರ ಮೇಲೆ ಹೋಗಿಬಿಟ್ಟಿತು, ಯಂತ್ರ ಬೇಡ ಅನ್ನಲಿಲ್ಲ. ಈಗ ಬಾಕಿ 83,400 ಇದೆ. ತಿಂಗಳಿಗೆ 3.5% ಬಡ್ಡಿ, ಅದರ ಜೊತೆಗೆ ಓವರ್ ಲಿಮಿಟ್ ಶುಲ್ಕ ಅಂತ ಪ್ರತಿ ಬಿಲ್ಲಲ್ಲೂ 500 ರೂಪಾಯಿ, ಎಲ್ಲದಕ್ಕೂ ಜಿಎಸ್‌ಟಿ. ತಪ್ಪದೆ ತಿಂಗಳಿಗೆ 4,500ರಂತೆ ಕಟ್ಟುತ್ತಾ ಬಂದಿದ್ದೇನೆ, ಬಾಕಿ ಮಾತ್ರ ಇದ್ದಲ್ಲೇ ಇದೆ.

ಅಡಿಕೆ ದುಡ್ಡು ಕೈಗೆ ಬರುವುದು ಜನವರಿ, ಫೆಬ್ರವರಿಗೆ. ಈಗ ಮಳೆ ಬಿಡುತ್ತಿಲ್ಲ, ಕೊಳೆ ರೋಗಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೂ ಖರ್ಚಿದೆ. ಚೇಣಿಯವರೊಬ್ಬರು, ಅಂದರೆ ಮರದಲ್ಲಿರುವ ಫಸಲನ್ನೇ ಗುತ್ತಿಗೆಗೆ ಹಿಡಿಯುವವರು, ಫಸಲು ಈಗಲೇ ಕೊಟ್ಟರೆ ಪೂರ್ತಿ ಮುಂಗಡ ಕೊಡುತ್ತೇನೆ ಅಂತಿದ್ದಾರೆ. ಅದನ್ನು ತಗೊಂಡು ಕಾರ್ಡ್ ಚುಕ್ತಾ ಮಾಡಿಬಿಡಲಾ? ಬೇರೆ ದಾರಿ ಇದೆಯಾ? ದಯವಿಟ್ಟು ಗೊತ್ತಿದ್ದವರು ಹೇಳಿ.

ಸಾಗರದ_ಅಕ್ಕ:
ಮೊದಲು ಅಪ್ಪ ಹೇಗಿದ್ದಾರೆ? ಹುಷಾರಾಗಿದ್ದಾರೆ ಅಂದುಕೊಳ್ಳುತ್ತೇನೆ.

ಬಾಕಿ ಯಾಕೆ ಕರಗುತ್ತಿಲ್ಲ ಅಂತ ಒಮ್ಮೆ ಪೆನ್ನು ಹಿಡಿದು ನೋಡಿ. 83,400ಕ್ಕೆ 3.5% ಅಂದರೆ 2,919. ಅದಕ್ಕೆ 18% ಜಿಎಸ್‌ಟಿ 525. ಓವರ್ ಲಿಮಿಟ್ 500, ಅದರ ಜಿಎಸ್‌ಟಿ 90. ಒಟ್ಟು 4,034. ನೀವು ಕಟ್ಟುವ 4,500ರಲ್ಲಿ ಸಾಲಕ್ಕೆ ಹೋಗುತ್ತಿರುವುದು 466 ರೂಪಾಯಿ ಅಷ್ಟೇ. ನೀವು ಕಟ್ಟುತ್ತಿಲ್ಲ ಅಂತಲ್ಲ, ಕಟ್ಟಿದ್ದು ಸಾಲದವರೆಗೆ ತಲುಪುತ್ತಲೇ ಇಲ್ಲ.

ಹಾಗಾಗಿ ಮುಂದಿನ ಬಿಲ್ ತಯಾರಾಗುವ ದಿನಕ್ಕೆ ಮುಂಚೆ ಬಾಕಿಯನ್ನು 80,000ಕ್ಕಿಂತ ಕೆಳಗೆ ತನ್ನಿ. ಅಂಗಡಿ ದುಡ್ಡೋ, ಅಣ್ಣತಮ್ಮಂದಿರ ಕೈಗಡವೋ, ಹೇಗಾದರೂ ಸರಿ. ಬಡ್ಡಿ ಸೇರಿದ ಮೇಲೂ ಲಿಮಿಟ್ ಒಳಗೇ ಇರುವಷ್ಟು ಕಟ್ಟಿ, ಸರಿಯಾಗಿ 80,000ಕ್ಕೆ ತಂದು ನಿಲ್ಲಿಸಿದರೆ ಬಡ್ಡಿ ಬಿದ್ದು ಮತ್ತೆ ದಾಟುತ್ತದೆ. ಆ 590 ನಿಂತರೆ ಅದೇ ದೊಡ್ಡ ಉಸಿರು. ಇನ್ನೊಂದು, ಆ ಕಾರ್ಡಿನಲ್ಲಿ ಒಂದು ಲೀಟರ್ ಪೆಟ್ರೋಲನ್ನೂ ಹಾಕಿಸಬೇಡಿ. ಹಳೆ ಬಾಕಿ ಪೂರ್ತಿ ತೀರುವ ತನಕ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ರಾಶಿ_ಇಡಿ:
30% ಮೇಲೆ ಬಡ್ಡಿ ಹಾಕುವಂತಿಲ್ಲ ಅಂತ ಗ್ರಾಹಕ ಆಯೋಗದ ತೀರ್ಪು ಇದೆಯಲ್ಲ? ಕೇಸ್ ಹಾಕಿ, ಕಟ್ಟುವುದು ನಿಲ್ಲಿಸಿ.

ಹಳೇ_ಲೆಕ್ಕಿಗ:
ರಾಶಿ_ಇಡಿ ಅವರೇ, ಅದು 2008ರ ತೀರ್ಪು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಅದನ್ನು ರದ್ದು ಮಾಡಿದೆ. ಅದನ್ನು ನಂಬಿ ಕಟ್ಟುವುದು ನಿಲ್ಲಿಸಿದರೆ ತಡ ಶುಲ್ಕ ಬೇರೆ ಬೀಳುತ್ತದೆ, ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ಬ್ಯಾಂಕಿನವರು ನೋಡುವ ಸಿಬಿಲ್ ಸ್ಕೋರೂ ಹೋಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ತುಂಗೆ_ದಡ ಅವರೇ, ನೀವು ಗಟ್ಟಿಯಾಗಿ ಕೇಳಬಹುದಾದ ಜಾಗ ಓವರ್ ಲಿಮಿಟ್ ಶುಲ್ಕ. 2022ರಲ್ಲಿ ಆರ್‌ಬಿಐ ತಂದ ನಿಯಮದ ಪ್ರಕಾರ ಗ್ರಾಹಕರ ಸ್ಪಷ್ಟ ಒಪ್ಪಿಗೆ ಇಲ್ಲದೆ ಲಿಮಿಟ್ ದಾಟಲು ಬ್ಯಾಂಕ್ ಬಿಡುವಂತಿಲ್ಲ. ನೀವು ಒಪ್ಪಿಗೆ ಕೊಟ್ಟಿದ್ದೀರಾ? ಆಪ್‌ನಲ್ಲಿ ಓವರ್ ಲಿಮಿಟ್ ಅಂತ ಒಂದು ಸ್ವಿಚ್ ಇರುತ್ತದೆ, ನೋಡಿ, ಆನ್ ಇದ್ದರೆ ಇವತ್ತೇ ಆಫ್ ಮಾಡಿ. ಒಪ್ಪಿಗೆ ಕೊಟ್ಟ ನೆನಪು ಇಲ್ಲದಿದ್ದರೆ ಬ್ಯಾಂಕಿಗೆ ಇಮೇಲ್ ಮಾಡಿ: ನನ್ನ ಒಪ್ಪಿಗೆಯ ದಾಖಲೆ ತೋರಿಸಿ, ಇಲ್ಲವಾದರೆ ಇಲ್ಲಿಯವರೆಗಿನ ಶುಲ್ಕವನ್ನು ಜಿಎಸ್‌ಟಿ ಸಮೇತ ವಾಪಸ್ ಹಾಕಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ, ಬರವಣಿಗೆಯಲ್ಲೇ ಇರಲಿ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ ಅಂತಲೂ ಅದೇ ನಿಯಮದಲ್ಲಿದೆ, ಅದರ ಲೆಕ್ಕವನ್ನೂ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನಲ್ಲೇ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ.

ದೂರು ಕೊಟ್ಟಿದ್ದೀರಿ ಅಂತ ಕನಿಷ್ಠ ಮೊತ್ತ ಕಟ್ಟುವುದನ್ನು ಬಿಡಬೇಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ, ಓಟಿಪಿ ಬರುವುದಿಲ್ಲ. ಕೊನೆ ದಿನಕ್ಕೆ ಇಟ್ಟುಕೊಳ್ಳದೆ ಪೇಟೆಗೆ ಬಂದಾಗಲೇ ಕಟ್ಟಿಬಿಡಿ.

ಕೊಪ್ಪದ_ತೋಟ:
ನಾನು ಚೇಣಿ ವಿಷಯ ಮಾತ್ರ ಹೇಳುತ್ತೇನೆ. ಬೇಡ. ಈ ಮಳೆಯಲ್ಲಿ ಯಾವ ಚೇಣಿಯವರೂ ಸರಿಯಾದ ರೇಟ್ ಹೇಳುವುದಿಲ್ಲ. ಕೊಳೆ ಬಂದು ಎಷ್ಟು ಉದುರುತ್ತದೋ, ಎಲೆಚುಕ್ಕೆ ರೋಗ ಎಷ್ಟು ತಿನ್ನುತ್ತದೋ, ಆ ಭಯವನ್ನೆಲ್ಲ ನಿಮ್ಮ ರೇಟಿನಲ್ಲೇ ಕಳೆದಿರುತ್ತಾರೆ. ಅವರದ್ದು ತಪ್ಪು ಅಂತಲ್ಲ, ವ್ಯಾಪಾರ. ಆದರೆ 83,000 ಸಾಲಕ್ಕೆ ವರ್ಷದ ಇಡೀ ಫಸಲನ್ನು ಅಗ್ಗಕ್ಕೆ ಬಿಟ್ಟರೆ ಮುಂದಿನ ವರ್ಷ ಮನೆ ನಡೆಸಲು ಮತ್ತೆ ಕಾರ್ಡೇ ಗತಿ ಆಗುತ್ತದೆ. ಅಡಿಕೆ ಮಂಡಿಯವರು ಕೊಡುವ ಮುಂಗಡವೂ ಅಷ್ಟೇ, ತಗೊಂಡ ಮೇಲೆ ಮಾಲು ಅಲ್ಲಿಗೇ ಹಾಕಬೇಕು, ರೇಟ್ ಏರುವ ತನಕ ಕಾಯುವ ಸ್ವಾತಂತ್ರ್ಯ ಹೋಗುತ್ತದೆ.

ನಮ್ಮ ದುಡಿಮೆ ವರ್ಷಕ್ಕೊಂದು ಸಲ, ಕಾರ್ಡ್ ಕೇಳುವುದು ತಿಂಗಳಿಗೊಂದು ಸಲ. ಎಷ್ಟೇ ನಿಯತ್ತಾಗಿ ಕಟ್ಟಿದರೂ ಈ ಎರಡು ಹೊಂದುವುದಿಲ್ಲ. ಈ ಸಾಲವನ್ನು ವರ್ಷಕ್ಕೊಮ್ಮೆ ತೀರಿಸುವಂಥ ಸಾಲವಾಗಿ ಬದಲಾಯಿಸಿ. ಮನೆಯಲ್ಲಿ ಚಿನ್ನ ಇದ್ದರೆ ಸೊಸೈಟಿಯಲ್ಲೋ ಬ್ಯಾಂಕಲ್ಲೋ ಅಡವಿಟ್ಟು ಕಾರ್ಡನ್ನು ಒಂದೇ ಸಲಕ್ಕೆ ಮುಗಿಸಿ. ಅಸಲು ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಚಿನ್ನದ ಸಾಲ ಇದೆ, 12 ತಿಂಗಳ ಒಳಗೆ ಬಿಡಿಸಿಕೊಳ್ಳಬೇಕು. ವರ್ಷಕ್ಕೆ 10% ಅಂದುಕೊಂಡರೂ 83,000ಕ್ಕೆ ಆರು ತಿಂಗಳಿಗೆ 4,150 ಬಡ್ಡಿ. ಅದೇ ಕಾರ್ಡಿನಲ್ಲಿ ಬಿಟ್ಟರೆ ಜಿಎಸ್‌ಟಿ ಸೇರಿ 20,000 ದಾಟುತ್ತದೆ.

ಸಾಗರದ_ಅಕ್ಕ:
ಲೆಕ್ಕ ಸರಿ. ಆದರೆ ಚಿನ್ನ ಅಂದರೆ ಮನೆಯ ಹೆಂಗಸರದ್ದು ಅಲ್ವಾ, ಅವರನ್ನು ಕೂರಿಸಿ ಕೇಳಿ ಆಮೇಲೆ ಹೆಜ್ಜೆ ಇಡಿ. ಒಪ್ಪದಿದ್ದರೆ ಬ್ಯಾಂಕಿಗೇ ಈ ಬಾಕಿಯನ್ನು ಇಎಂಐ ಮಾಡಿಕೊಡಿ ಅಂತ ಕೇಳಿ. ಸಾಮಾನ್ಯವಾಗಿ ವರ್ಷಕ್ಕೆ 13ರಿಂದ 18% ಒಳಗೆ ಬರುತ್ತದೆ, ಬಡ್ಡಿಗೆ ಜಿಎಸ್‌ಟಿ ಇರುತ್ತದೆ. ಈಗಿರುವ 42%ಗೆ ಹೋಲಿಸಿದರೆ ಎಷ್ಟೋ ವಾಸಿ. ಬೇಗ ಮುಗಿಸಿದರೆ ದಂಡ ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಫೆಬ್ರವರಿಯಲ್ಲಿ ನೀವು ಮುಗಿಸುವವರೇ ತಾನೆ. ಬೆಳೆಸಾಲ ತಂದು ಮಾತ್ರ ಇದಕ್ಕೆ ಹಾಕಬೇಡಿ, ಅದು ತೋಟಕ್ಕೆ ಕೊಟ್ಟ ದುಡ್ಡು, ಬೋರ್ಡೋಗೆ ಬೇಕು.

ತುಂಗೆ_ದಡ:
ಅಪ್ಪ ಈಗ ಅಂಗಳದಲ್ಲಿ ಓಡಾಡುವಷ್ಟು ಆಗಿದ್ದಾರೆ ಅಕ್ಕ. ಎಲ್ಲರಿಗೂ ತುಂಬಾ ಧನ್ಯವಾದ. ಆಪ್ ನೋಡಿದೆ, ಸ್ವಿಚ್ ಆನ್ ಇತ್ತು, ನಾನು ಮುಟ್ಟಿದ್ದಲ್ಲ. ಆಫ್ ಮಾಡಿ ಇಮೇಲ್ ಕಳಿಸಿದ್ದೇನೆ. ಅಮ್ಮನೂ ಹೆಂಡತಿಯೂ ಮಾತಾಡಿಕೊಂಡು ಸರ ಇಡೋಣ ಅಂದರು, ಚೇಣಿಯವರಿಗೆ ಇಲ್ಲ ಅಂದಿದ್ದೇನೆ. ಒಂದು ಸಂಶಯ: ವಸೂಲಿಯವರು ಅಂತ ಒಬ್ಬರು ಫೋನ್ ಮಾಡಿ 60,000 ಕೊಡಿ, ಸೆಟಲ್ ಮಾಡಿ ಮುಗಿಸೋಣ ಅಂದರು. ಅದು ಲಾಭ ಅಲ್ವಾ?

ಹಳೇ_ಲೆಕ್ಕಿಗ:
ಅಲ್ಲ. ಸೆಟಲ್ ಆದರೆ ಸಿಬಿಲ್‌ನಲ್ಲಿ ಪೂರ್ತಿ ಕಟ್ಟಿದ್ದು ಅಂತ ಬರುವುದಿಲ್ಲ, ಸೆಟಲ್ಡ್ ಅಂತಲೇ ವರ್ಷಗಟ್ಟಲೆ ಉಳಿಯುತ್ತದೆ, ನಾಳೆ ಟ್ರ್ಯಾಕ್ಟರಿಗೋ ಮನೆಗೋ ಸಾಲ ಕೇಳಿದಾಗ ಅಡ್ಡ ಬರುತ್ತದೆ. ಚಿನ್ನದ ದುಡ್ಡು ಬರುತ್ತಿದೆ ಅಂದಮೇಲೆ ನಿಮಗೆ ಅದರ ಅಗತ್ಯವೇ ಇಲ್ಲ. ಅದಲ್ಲದೆ ತಪ್ಪದೆ ಕಟ್ಟುತ್ತಿರುವವರಿಗೆ ವಸೂಲಿಯವರು ಯಾಕೆ ಫೋನ್ ಮಾಡುತ್ತಾರೆ? ನನಗೆ ಅನುಮಾನ ಇದೆ. ಅವರು ಕೊಟ್ಟ ಖಾತೆಗೋ ಯುಪಿಐಗೋ ಒಂದು ರೂಪಾಯಿಯೂ ಹಾಕಬೇಡಿ, ಬ್ಯಾಂಕಿನ ಆಪ್‌ನಲ್ಲೇ ಕಟ್ಟಿ. ನಿಜವಾದ ವಸೂಲಿಯವರೇ ಆಗಿದ್ದರೂ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ.

ಪೂರ್ತಿ ಕಟ್ಟುವ ಮುನ್ನ ಆ ದಿನದ ಒಟ್ಟು ಬಾಕಿ ಎಷ್ಟು ಅಂತ ಬ್ಯಾಂಕಿಗೆ ಕೇಳಿ, ಬಿಲ್ ಆದಮೇಲಿನ ಬಡ್ಡಿ ಬಿಲ್ಲಿನ ಮೊತ್ತದಲ್ಲಿ ಸೇರಿರುವುದಿಲ್ಲ. ಕಾರ್ಡ್ ಬೇಡ ಅನ್ನಿಸಿದರೆ ಆಮೇಲೆ ಮುಚ್ಚಲು ಅರ್ಜಿ ಕೊಡಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಅವರೇ ನಿಮಗೆ ಕೊಡಬೇಕು. ಬಾಕಿ ಇಲ್ಲ ಅನ್ನುವ ಪತ್ರ ತಗೊಂಡು ಸರದ ರಸೀದಿ ಜೊತೆಗೇ ಇಡಿ.