ಪತ್ತೇದಾರಿ ಕಥೆಯ ಪಾತ್ರಕ್ಕೆ ಕೊಟ್ಟ ಹವ್ಯಾಸ ಅಂಟಿಸಿದಂತೆ ಕಾಣುತ್ತಿದೆ, ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಸೀಮೆಯಲ್ಲೇ ನಡೆಯುವ ಪತ್ತೇದಾರಿ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಅಡಿಕೆ ಮಂಡಿಯ ಗುಮಾಸ್ತನೊಬ್ಬ ಜುಲೈ 14ರ ರಾತ್ರಿ ಸಂಕ (ಕಾಲುಸೇತುವೆ) ದಾಟುವಾಗ ಹೊಳೆಗೆ ಬಿದ್ದು ಸಾಯುತ್ತಾನೆ. ಕಾಲು ಜಾರಿತೆಂದು ಊರೆಲ್ಲ ನಂಬಿದರೂ ನಿವೃತ್ತ ಮೇಷ್ಟ್ರೊಬ್ಬರು ನಂಬುವುದಿಲ್ಲ. ಕರಡು ಓದಿದ ಇಬ್ಬರು ಗೆಳತಿಯರು ಕಥೆ ಚೆನ್ನಾಗಿ ಓಡುತ್ತದೆ, ಆದರೆ ಮೇಷ್ಟ್ರು ಪ್ರಶ್ನೆ ಕೇಳುವುದಕ್ಕೆಂದೇ ಹುಟ್ಟಿದವರಂತಿದ್ದಾರೆ ಎಂದರು. ಅದಕ್ಕಾಗಿ ಅವರ ಕೈಗೊಂದು ಕೊಳಲು ಕೊಟ್ಟೆ. ಈಗ ಮೂರು ಅಧ್ಯಾಯಗಳಲ್ಲಿ ಅವರು ಜಗಲಿಯಲ್ಲಿ ಕುಳಿತು ಕೊಳಲು ನುಡಿಸುತ್ತಾರೆ. ಮೂರೂ ಕಡೆ ಆ ಸಾಲುಗಳನ್ನು ಹೊಡೆದುಹಾಕಿದರೂ ಕಥೆಗೆ ಯಾವ ಕೊರತೆಯೂ ಆಗುವುದಿಲ್ಲ. ಹವ್ಯಾಸವು ಪಾತ್ರದೊಳಗೆ ಇಳಿಯುವಂತೆ ಬರೆಯುವುದು ಹೇಗೆ? (ನನಗೆ ಸಂಗೀತ ಬಾರದೆಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.)

ಉತ್ತರ 1 (ಹೊಸನಗರದಿಂದ)

ಸಂಗೀತ ಬಾರದವರು ಕೊಳಲು ಕೊಟ್ಟದ್ದೇ ಮೊದಲ ತೊಡಕು ಎಂದು ನನಗನ್ನಿಸುತ್ತದೆ. ಹವ್ಯಾಸವುಳ್ಳವನಿಗೆ ಇತರರ ಕಣ್ಣಿಗೆ ಬೀಳದ ಸಣ್ಣ ಸಂಗತಿಗಳು ಗೊತ್ತಿರುತ್ತವೆ. ಬರೆಯುವವರಿಗೆ ಅವು ಗೊತ್ತಿಲ್ಲದಿದ್ದರೆ ಪಾತ್ರಕ್ಕೂ ಗೊತ್ತಾಗುವುದಿಲ್ಲ. ಷರ್ಲಾಕ್ ಹೋಮ್ಸ್ ಪಿಟೀಲು ನುಡಿಸುತ್ತಿದ್ದನೆಂಬುದು ಎಲ್ಲರಿಗೂ ನೆನಪಿದೆ, ಆದರೆ 140 ಬಗೆಯ ತಂಬಾಕಿನ ಬೂದಿಯನ್ನು ಕುರಿತು ಅವನು ಪ್ರಬಂಧ ಬರೆದಿದ್ದನೆಂಬ ಮಾತು ಅವನ ಸ್ವಭಾವವನ್ನು ಪಿಟೀಲಿಗಿಂತ ಹೆಚ್ಚು ಹೇಳುತ್ತದೆ. ನೀರೋ ವುಲ್ಫ್ ಎಂಬ ಪತ್ತೇದಾರ ಬೆಳಿಗ್ಗೆ 9ರಿಂದ 11 ಮತ್ತು ಸಂಜೆ 4ರಿಂದ 6ರವರೆಗೆ ತನ್ನ ಆರ್ಕಿಡ್ ಗಿಡಗಳ ಬಳಿ ಇರುತ್ತಾನೆ, ಎಂತಹ ಕೊಲೆಯಾದರೂ ಆ ಹೊತ್ತಿನಲ್ಲಿ ಅವನನ್ನು ಕರೆಯುವಂತಿಲ್ಲ. ಅಲ್ಲಿ ಹವ್ಯಾಸ ತನಿಖೆಗೇ ಅಡ್ಡಿಯಾಗಿ ನಿಲ್ಲುತ್ತದೆ, ಅದಕ್ಕೇ ಅದನ್ನು ತೆಗೆದುಹಾಕಲಾಗದು.

ನಿಮ್ಮ ಮೇಷ್ಟ್ರಿಗೆ ಮಳೆ ಅಳೆಯುವ ಹವ್ಯಾಸ ಕೊಡಿ ಎಂಬುದು ನನ್ನ ಸಲಹೆ. ಅಂಗಳದಲ್ಲಿ ಮಳೆಮಾಪಕವಿಟ್ಟು ದಿನವೂ ಲೆಕ್ಕ ಬರೆದಿಡುವವರು ನಮ್ಮ ಕಡೆ ಹಲವರಿದ್ದಾರೆ. ಬೆಳಿಗ್ಗೆ 8.30ಕ್ಕೆ, ಮನೆಯಲ್ಲಿ ಮದುವೆಯಿರಲಿ ಸಾವಿರಲಿ, ಕೊಡೆ ಹಿಡಿದು ಅಂಗಳಕ್ಕಿಳಿದು, ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆ ನಕ್ಷತ್ರದ ಹೆಸರಿನ ಮುಂದೆ ಮಿಲಿಮೀಟರ್ ಬರೆಯುವ ಮನುಷ್ಯನೊಬ್ಬನನ್ನು ಮೊದಲ ಅಧ್ಯಾಯದಲ್ಲಿ ತೋರಿಸಿದರೆ, ಅವನು ಜಾರಿ ಬಿದ್ದ ಕಥೆಯನ್ನು ಏಕೆ ಸುಲಭವಾಗಿ ನಂಬುವುದಿಲ್ಲ ಎಂಬುದನ್ನು ನೀವು ವಿವರಿಸಬೇಕಾಗಿಲ್ಲ. ಆ ರಾತ್ರಿ ಜಡಿಮಳೆಯಿತ್ತು ಎಂದು ಸಾಕ್ಷಿ ಹೇಳಿದಾಗ ಮೇಷ್ಟ್ರು 14ರ ಪುಟ ತೆರೆದರೆ ಸಾಕು.

ಉತ್ತರ 2 (ಆಗುಂಬೆಯ ಸಮೀಪದಿಂದ)

ಮೇಲಿನವರ ಸಲಹೆ ಚೆನ್ನಾಗಿದೆ, ಆದರೆ ಕೊನೆಯ ವಾಕ್ಯದಲ್ಲಿ ಒಂದು ತಪ್ಪಿದೆ. ಆ ತಪ್ಪೇ ನಿಮಗೆ ಬೇಕಾದ ಸುಳಿವು. 14ರ ಬೆಳಿಗ್ಗೆ 8.30ಕ್ಕೆ ಅಳೆದು 14ರ ಮುಂದೆ ಬರೆಯುವುದು ಹಿಂದಿನ 24 ಗಂಟೆಗಳ ಮಳೆಯನ್ನು, ಅಂದರೆ ಬಹುಪಾಲು 13ರ ಮಳೆಯನ್ನು. 14ರ ರಾತ್ರಿಯ ಮಳೆ ಪುಸ್ತಕದಲ್ಲಿ 15ರ ಮುಂದೆ ಇರುತ್ತದೆ. ನಾನೂ ಲೆಕ್ಕ ಇಡುವವನೇ. ಹೊಸಬರೆಲ್ಲ ಇಲ್ಲಿ ಎಡವುತ್ತಾರೆ.

ಈಗ ನಿಮ್ಮ ಕಥೆಗೆ ಇದನ್ನು ಹೀಗೆ ಹೊಂದಿಸಬಹುದು. ಗುಮಾಸ್ತ ಜಾರಿ ಬಿದ್ದುದನ್ನು ಕಂಡೆನೆಂದು ಹೇಳುವವನು ಆ ದಿನ ಊರಲ್ಲೇ ಇರಲಿಲ್ಲ. ತನ್ನ ಮಾತಿಗೆ ಮೈ ತುಂಬಿಸಲು ಅವನು ಮೇಷ್ಟ್ರ ಮನೆಗೆ ಕಾಫಿಗೆ ಬಂದಾಗ ಪುಸ್ತಕದಲ್ಲಿ ಕಣ್ಣಾಡಿಸಿ, 14ರ ಮುಂದೆ 112 ಮಿ.ಮೀ. ಇರುವುದನ್ನು ಕಂಡು, ಆ ರಾತ್ರಿ ಆಕಾಶ ಕಳಚಿ ಬಿದ್ದಂತಿತ್ತು ಎಂದು ಸಾಕ್ಷಿ ನುಡಿಯುತ್ತಾನೆ. 15ರ ಮುಂದೆ ಇರುವುದು 3 ಮಿ.ಮೀ. ಮಾತ್ರ. ಓದುಗರಿಗೆ ಮೋಸವಾಗಬಾರದು ಎಂದಾದರೆ 8.30ರ ನಿಯಮವನ್ನು ಬಹಳ ಮೊದಲೇ, ಬೇರೆ ನೆಪದಲ್ಲಿ ಹೇಳಿರಬೇಕು: ಮೊಮ್ಮಗಳಿಗೆ ಮೇಷ್ಟ್ರು ಲೆಕ್ಕ ಕಲಿಸುವಾಗ ಆಕೆ ದಿನ ತಪ್ಪಿ ಬರೆದು ಗದರಿಸಿಕೊಳ್ಳಲಿ.

ಇನ್ನೊಂದು ಮಾತು. ಮಲೆನಾಡಿನ ಮಳೆ ಗುಡ್ಡದಿಂದ ಗುಡ್ಡಕ್ಕೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ ಶಿವಮೊಗ್ಗ ಪೇಟೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ತನ್ನ ಅಂಗಳದ ಅಳತೆ ಸಂಕದ ಮಳೆಯನ್ನು ನಿಶ್ಚಿತವಾಗಿ ಹೇಳಲಾರದೆಂಬುದು ಮೇಷ್ಟ್ರಿಗೇ ಎಲ್ಲರಿಗಿಂತ ಮೊದಲು ಹೊಳೆಯಬೇಕು. ತಾನು ಇಷ್ಟು ವರ್ಷ ನೆಚ್ಚಿದ ಪುಸ್ತಕವನ್ನು ತಾನೇ ಸಂಶಯಿಸುತ್ತ ಅವರು ಒಂದು ರಾತ್ರಿ ನಿದ್ದೆಗೆಡಲಿ. ಗೆಳತಿಯರು ಕೇಳಿದ ಬದುಕು ಅಲ್ಲಿ ಸಿಗಬಹುದು.

ಉತ್ತರ 3 (ಸಾಗರದಿಂದ)

ಎಲ್ಲರೂ ಮೇಷ್ಟ್ರನ್ನೇ ನೋಡುತ್ತಿದ್ದೀರಿ. ಪತ್ತೇದಾರಿ ಕಥೆಗಳಲ್ಲಿ ಅತ್ಯಂತ ಬಡವಾಗಿ ಉಳಿಯುವವನು ಸತ್ತವನು. ಗುಮಾಸ್ತನ ಹಿತ್ತಿಲಲ್ಲಿ ನಾಲ್ಕು ತುಡುವೆ ಜೇನಿನ ಪೆಟ್ಟಿಗೆಗಳಿರಲಿ. ಮಳೆಗಾಲದಲ್ಲಿ ಜೇನಿಗೆ ಹೂವಿಲ್ಲ, ಸಕ್ಕರೆ ಪಾಕ ಇಡದಿದ್ದರೆ ಹುಳುಗಳು ಸಾಯುತ್ತವೆ ಅಥವಾ ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತವೆ. ಯಜಮಾನ ಸತ್ತು ಹತ್ತು ದಿನ ಕಳೆದ ಮೇಲೂ ಬಟ್ಟಲಲ್ಲಿ ಹೊಸ ಪಾಕವಿದ್ದರೆ, ಯಾರೋ ಗುಟ್ಟಾಗಿ ಬಂದು ಹೋಗುತ್ತಿದ್ದಾರೆಂದಾಯಿತು. ಅವರು ಯಾರೆಂಬುದು ನಿಮಗೆ ಬಿಟ್ಟದ್ದು, ಆದರೆ ದಯವಿಟ್ಟು ಕೊಲೆಗಾರನನ್ನಾಗಿ ಮಾಡಬೇಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಕೊಳಲನ್ನು ನಿನ್ನೆ ರಾತ್ರಿಯೇ ತೆಗೆದುಹಾಕಿದೆ. ಮೊಮ್ಮಗಳು ದಿನ ತಪ್ಪಿ ಬರೆಯುವ ದೃಶ್ಯ ಎರಡನೆಯ ಅಧ್ಯಾಯಕ್ಕೆ ಸೇರಿತು. ಪಾಕ ಇಡುತ್ತಿರುವುದು ಗುಮಾಸ್ತನೊಡನೆ ಮಾತು ಬಿಟ್ಟಿದ್ದ ಅವನ ಅಣ್ಣ ಎಂದು ನಿರ್ಧರಿಸಿದ್ದೇನೆ. ಆಗುಂಬೆ ಕಡೆಯವರಲ್ಲಿ ಒಂದು ಕೋರಿಕೆ: ನಿಮ್ಮ ಪುಸ್ತಕದ ಜುಲೈ ತಿಂಗಳ ಒಂದು ಪುಟವನ್ನು ನೋಡಲು ಸಿಗಬಹುದೇ? ಅಂಕಿಗಳಿಗಿಂತ, ಮಳೆಯೇ ಬಾರದ ದಿನ ನೀವು ಸೊನ್ನೆ ಬರೆಯುತ್ತೀರೋ ಗೆರೆ ಎಳೆಯುತ್ತೀರೋ ಎಂದು ತಿಳಿಯಬೇಕಾಗಿದೆ.